ಕೌದಿ ಕೊಡವಿದ ವರ್ಷ

ಯೂನಿಯನ್ ಸಿಟಿಯ ನಮ್ಮ ಮನೆಯಿಂದ ಗ್ರಾಸರಿ ಅಂಗಡಿಗೆ ಹೋಗುವ ದಾರಿಯಲ್ಲಿ ಒಂದು ರೈಲ್ವೆ ಗೇಟಿದೆ. ಕಳೆದ ಶನಿವಾರ ಅದು ಸರಿಯಾಗಿ ನನ್ನ ಕಾರು ಹತ್ತಿರ ಬಂದಾಗಲೇ ಬಿತ್ತು. ಓಕ್ಲ್ಯಾಂಡ್ ಬಂದರಿನಿಂದ ಹೊರಟ ಗೂಡ್ಸು ಗಾಡಿ, ಕಂಟೇನರಿನ ಮೇಲೆ ಕಂಟೇನರು ಹೇರಿಕೊಂಡು, ಯಾರಪ್ಪನ ಮನೆ ಗಂಟು ಹೋಗುತ್ತೆ ಎಂಬಂತೆ ನಿಧಾನವಾಗಿ ಉರುಳುತ್ತಿತ್ತು. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಗೂಡ್ಸು ಗಾಡಿಗೆ ಹಾರ್ನ್ ಹೊಡೆದು ಏನು ಸಾಧಿಸುತ್ತಾನೋ, ಆ ದೇವರೇ ಬಲ್ಲ. ಪಕ್ಕದಲ್ಲಿ ಕೂತಿದ್ದ ನಮ್ಮತ್ತೆ ಮಾತ್ರ ಸಿನಿಮಾ ಶುರುವಾದ ಹಾಗೆ ಕಿಟಕಿಯ ಗಾಜು ಇಳಿಸಿ, ಸೆರಗು ಸರಿಮಾಡಿಕೊಂಡು ಕೂತರು.

"ಬ್ರೇಕ್ ಹಿಡದಾನ ನೋಡು," ಎಂದರು. "ವಾಸನಿ ಬಂತು."

ನನಗೂ ಬಂತು. ಕಾದ ಕಬ್ಬಿಣ, ಹಳೆಯ ಎಣ್ಣೆ, ಹಳಿಯ ಕೆಳಗಿನ ಮರದ ತೊಲೆಗಳಿಗೆ ಬಳಿದ ಡಾಂಬರಿನಂಥದ್ದು, ಮೂರೂ ಸೇರಿದ ವಾಸನೆ. ಹೆಚ್ಚಿನವರಿಗೆ ಅದು ಮೂಗು ಮುಚ್ಚಿಕೊಳ್ಳುವ ವಾಸನೆ. ನಮ್ಮಿಬ್ಬರಿಗೆ ಅದು ಒಂದು ಊರು. ನಾನು ಈ ದೇಶದಲ್ಲಿ ಉಳಿದು ಇವತ್ತು ಡಾಕ್ಟರಾಗಿ ಅನ್ನ ತಿನ್ನುತ್ತಿದ್ದರೆ ಅದು ಆ ಊರಿನ ಋಣ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಇಲ್ಲಿ ಓದು ಮುಗಿಸಿದ ನಮ್ಮಂಥ ಹೊರಗಿನ ಡಾಕ್ಟರುಗಳು ವಾಪಸು ಹೋಗದೆ ಉಳಿಯಬೇಕಾದರೆ, ಡಾಕ್ಟರು ಸಿಗದ ಊರೊಂದರಲ್ಲಿ ಮೂರು ವರ್ಷ ಕೆಲಸ ಮಾಡಬೇಕೆಂಬ ಕರಾರಿರುತ್ತದೆ. ನನಗೆ ಸಿಕ್ಕಿದ್ದು ಅಯೋವಾದ ಪಶ್ಚಿಮ ಭಾಗದ ಒಂದು ಚಿಕ್ಕ ಊರು. ಗಂಡ ಪ್ರಕಾಶನ ಕೆಲಸ ಪಾಲೋ ಆಲ್ಟೋದಲ್ಲಿ. ಅವನ ವೀಸಾ ಆ ಕಂಪನಿಗೆ ಕಟ್ಟಿ ಹಾಕಿದ್ದು. ಹಾಗಾಗಿ ಅವನು ಇಲ್ಲಿ ಯೂನಿಯನ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ತನ್ನಮ್ಮನ ಜೊತೆ, ನಾನು ಅಲ್ಲಿ ಜೋಳದ ಹೊಲಗಳ ನಡುವೆ ಒಬ್ಬಳೇ.

ಆ ಊರಿನಲ್ಲಿ ಜನಕ್ಕಿಂತ ಮೊದಲು ಬಂದಿದ್ದು ರೈಲು. ಹಬೆ ಇಂಜಿನ್ನಿಗೆ ಅಲ್ಲೊಂದು ಕಡೆ ನೀರು ಬೇಕಿತ್ತು, ನೀರು ತುಂಬಿಸಲು ಆಳು ಬೇಕಿತ್ತು, ಆಳುಗಳಿಗೆ ಮನೆ, ಮನೆಗಳಿಗೆ ಒಂದು ಚರ್ಚು, ಒಂದು ಶಾಲೆ, ಎರಡು ಹೆಂಡದಂಗಡಿ. ಹಾಗೆ ಹುಟ್ಟಿದ ಊರು. ಒಂದು ಕಾಲಕ್ಕೆ ಅಲ್ಲಿ ಇಂಜಿನ್ ರಿಪೇರಿಯ ದೊಡ್ಡ ಶೆಡ್ಡಿತ್ತಂತೆ, ಊಟದ ಹೋಟೆಲಿದ್ದ ಸ್ಟೇಷನ್ನಿತ್ತಂತೆ. ಡೀಸೆಲ್ ಬಂದ ಮೇಲೆ ಶೆಡ್ಡು ಹೋಯಿತು, ಕಾರು ಬಂದ ಮೇಲೆ ಪ್ಯಾಸೆಂಜರ್ ಗಾಡಿ ಹೋಯಿತು, ಆಮೇಲೆ ಸ್ಟೇಷನ್ನನ್ನೂ ಕೆಡವಿದರು. ನಾನು ಹೋಗುವ ಹೊತ್ತಿಗೆ ಉಳಿದಿದ್ದು ಊರನ್ನು ಎರಡು ಹೋಳು ಮಾಡಿ ಹಾಯ್ದ ಹಳಿ, ಅದರ ಮೇಲೆ ನಿಲ್ಲದೆ ಹೋಗುವ ಗೂಡ್ಸುಗಳು, ಮತ್ತೆ ಎಲ್ಲ ಮಾತನ್ನೂ "ರೈಲಿನವರು ಇದ್ದಾಗ" ಎಂದು ಶುರು ಮಾಡುವ ಮುದುಕರು. ಒಮ್ಮೊಮ್ಮೆ ಗೂಡ್ಸು ಯಾವುದೋ ಸಿಗ್ನಲ್ಲಿಗೆ ಕಾದು ಊರ ನಡುವೆ ನಿಂತರೆ ಎರಡು ಗೇಟೂ ಬಂದ್. ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ.

ಕ್ಲಿನಿಕ್ಕು ಹಳಿಯ ಆ ಕಡೆ, ಪೇಟೆ ಬೀದಿಯಲ್ಲಿ. ನನಗೆ ಕೊಟ್ಟ ಮನೆ ಈ ಕಡೆ, ಗೇಟಿಗೆ ಅಂಟಿಕೊಂಡೇ. ಡಾಕ್ಟರಿಗೆಂದು ಊರವರೇ ಇಟ್ಟಿದ್ದ ಮನೆ. ಬಾಡಿಗೆ ಹೆಸರಿಗೆ ಮಾತ್ರ. ಮುಂದೆ ಮರದ ಜಗಲಿ, ಜಗಲಿಯ ಮೇಲೆ ಒಂದು ಉದ್ದನೆಯ ಭಾರೀ ಬೆಂಚು.

ಹೋದ ಹೊಸತರಲ್ಲೇ ಒಂದು ಶನಿವಾರ ಬಾಗಿಲು ತೆಗೆಯುತ್ತೇನೆ, ಆ ಬೆಂಚಿನ ಮೇಲೆ ಇಬ್ಬರು ದಡೂತಿ ಗಂಡಸರು ಕಾಲು ಚಾಚಿ ಕೂತಿದ್ದಾರೆ! ನನ್ನನ್ನು ನೋಡಿ ಟೋಪಿ ಮುಟ್ಟಿ ತಲೆಯಾಡಿಸಿದರು, ಏಳಲಿಲ್ಲ. ಬಾಗಿಲು ಹಾಕಿ ಚಿಲಕ ಜಡಿದೆ. ಗೂಡ್ಸು ದಾಟಿದ ಮೇಲೆ ಹೋದರು. ಮರುವಾರ ಒಬ್ಬಾಕೆ ತರಕಾರಿ ಚೀಲ ಪಕ್ಕಕ್ಕಿಟ್ಟುಕೊಂಡು ಅಲ್ಲೇ ಕೂತು ಉಗುರು ನೋಡಿಕೊಳ್ಳುತ್ತಿದ್ದಳು. ಮೈಸೂರಿನ ನಮ್ಮ ಮನೆಯ ಕಾಂಪೌಂಡಿನೊಳಗೆ ಯಾರಾದರೂ ಹೀಗೆ ಬಂದು ಕೂತಿದ್ದರೆ ನಮ್ಮಮ್ಮ ಬೀದಿಗೆಲ್ಲ ಕೇಳುವಂತೆ ವಿಚಾರಿಸಿಕೊಳ್ಳುತ್ತಿದ್ದರು. ನಾನು ಒಂಟಿ ಹೆಂಗಸು, ಗುರುತಿಲ್ಲದ ಊರು. ಏದುಸಿರು ಬಿಡುತ್ತ ಬೆಂಚನ್ನು ಎಳೆದೆಳೆದು ಗ್ಯಾರೇಜಿಗೆ ತಳ್ಳಿದೆ. ಬೆಂಚು ಹೋಯಿತು, ಜನ ಬರುವುದೂ ನಿಂತಿತು. ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಕ್ಲಿನಿಕ್ಕಿನಲ್ಲಿ ನನ್ನ ಜೊತೆಗಿದ್ದವಳು ಮಾರ್ಲೀನ್. ಫೋನೆತ್ತುವುದು, ಹೆಸರು ಬರೆದುಕೊಳ್ಳುವುದು, ಬಿ.ಪಿ. ನೋಡುವುದು, ಹಿಮ ಬಾಚುವುದು, ಎಲ್ಲ ಅವಳೇ. ಅಜ್ಜ, ಅಪ್ಪ ಎಲ್ಲ ರೈಲಿನವರು. ಸೋಮವಾರ ಅವಳು ಕೇಳಿದಳು: "ಬೆಂಚು ಒಳಗಿಟ್ಟಿರಂತೆ?"

"ಹೌದು."

"ಓ," ಎಂದಳು. "ಸರಿ. ನಿಮ್ಮ ಮನೆ, ನಿಮ್ಮಿಷ್ಟ." ಮತ್ತೆ ಕಂಪ್ಯೂಟರಿನ ಕಡೆ ತಿರುಗಿಕೊಂಡಳು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ಆಮೇಲೆ ಶುರುವಾಯಿತು ನೋಡಿ ನನ್ನ ವನವಾಸ. ಕ್ಲಿನಿಕ್ಕಿಗೆ ಜನವೇ ಬರಲಿಲ್ಲ. ಊರಿಗೆ ಊರೇ ಗುಂಡುಕಲ್ಲಿನ ಹಾಗೆ ಆರೋಗ್ಯವಾಗಿತ್ತು! ಅಂಗಡಿಯಲ್ಲಿ ಸಿಕ್ಕರೆ ನಗುತ್ತಿದ್ದರು, ಬಾಗಿಲು ಹಿಡಿಯುತ್ತಿದ್ದರು, ಹವಾಮಾನದ ಬಗ್ಗೆ ಎರಡು ಮಾತಾಡುತ್ತಿದ್ದರು. ಕೆಮ್ಮು ಮಾತ್ರ ದೂರದ ದೊಡ್ಡ ಊರಿನ ಡಾಕ್ಟರಿಗೆ ತೋರಿಸುತ್ತಿದ್ದರು. ವಾಲ್ಟರ್ ಎಂಬ ಮುದುಕನೊಬ್ಬ ದಿನಾ ನನ್ನ ಕ್ಲಿನಿಕ್ಕಿನ ಮುಂದೆಯೇ ಕುಂಟಿಕೊಂಡು ಹೋಗುತ್ತಿದ್ದ. ಹಿಂದೆ ರೈಲು ಓಡಿಸುತ್ತಿದ್ದವನು. "ಮಂಡಿ ನೋವೇ?" ಎಂದು ಒಮ್ಮೆ ನಾನಾಗಿಯೇ ಕೇಳಿದೆ. "ಪರವಾಗಿಲ್ಲ ಡಾಕ್, ಅದು ಹಾಗೇ," ಎಂದು ಟೋಪಿ ಮುಟ್ಟಿ ಇನ್ನೂ ಬಿರುಸಾಗಿ ಕುಂಟಿಕೊಂಡು ಹೋದ.

ಕ್ಲಿನಿಕ್ಕನ್ನು ನಡೆಸುತ್ತಿದ್ದ ದೂರದ ನಗರದ ಆಸ್ಪತ್ರೆಯವರು ಅಕ್ಟೋಬರಿನಲ್ಲೇ ಮೆತ್ತಗೆ ಹೇಳಿದರು: ಏಪ್ರಿಲ್‌ವರೆಗೆ ನೋಡುತ್ತೇವೆ, ರೋಗಿಗಳು ಬರದಿದ್ದರೆ ಮುಚ್ಚುತ್ತೇವೆ. ಕ್ಲಿನಿಕ್ ಮುಚ್ಚಿದರೆ ನನ್ನ ಕರಾರು ಮುರಿದ ಹಾಗೆ. ಕೆಲವೇ ದಿನಗಳಲ್ಲಿ ಅಂಥದ್ದೇ ಇನ್ನೊಂದು ಊರು ಸಿಗಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು.

"ಬ್ಯಾರೆ ಊರು ಹುಡುಕೂಣೇನು?" ಎಂದ ಪ್ರಕಾಶ, ಫೋನಿನಲ್ಲಿ.

"ಬೇರೆ ಊರು ತರಕಾರಿ ಅಂಗಡೀಲಿ ಕೇಜಿ ಲೆಕ್ಕದಲ್ಲಿ ಸಿಗುತ್ತಾ?" ಎಂದು ರೇಗಿ ಫೋನಿಟ್ಟೆ. ಆಮೇಲೆ ಅತ್ತೆ. ಅಂದರೆ, ಅತ್ತುಬಿಟ್ಟೆ, ನಮ್ಮತ್ತೆ ಬಂದಿದ್ದು ದೀಪಾವಳಿ ಕಳೆದ ಮೇಲೆ.

ನಮ್ಮತ್ತೆ ಹುಬ್ಬಳ್ಳಿಯವರು. ಮಾವ ರೈಲ್ವೆ ಗಾರ್ಡು. ರೈಲ್ವೆ ಕ್ವಾರ್ಟರ್ಸಿನಲ್ಲೇ ಸಂಸಾರ ಮಾಡಿ, ಮಾವ ಹೋದ ಮೇಲೆ ಮಗನ ಮನೆಗೆ ಬಂದವರು. "ಪಕ್ಯಾಗ ಅಡಗಿ ಬರ್ತೈತಿ, ಅಂವಾ ಸಾಯಂಗಿಲ್ಲ. ಹೆಣ್ಣಮಗಳು ಅಲ್ಲಿ ಒಬ್ಬಾಕಿ ಅದಾಳ," ಎಂದು ಮಗ ಪ್ರಕಾಶನನ್ನು ಬಿಟ್ಟು ಸೊಸೆಯ ಹತ್ತಿರ ಹೊರಟುಬಂದರು. ನಿಜ ಹೇಳುತ್ತೇನೆ, ನನಗೆ ಖುಷಿಯಾಗಲಿಲ್ಲ. ಇರುವ ತಲೆನೋವು ಸಾಲದೆಂದು ಅತ್ತೆ ಬೇರೆ ಎಂದುಕೊಂಡೆ. ಅವರ ಸೂಟ್‌ಕೇಸಿನ ಅರ್ಧ ಜಾಗವನ್ನು ಒಂದು ಕೌದಿಯೇ ನುಂಗಿತ್ತು. ಹಳೇ ಸೀರೆಗಳನ್ನು ಪದರ ಪದರವಾಗಿ ಇಟ್ಟು, ಬಣ್ಣಬಣ್ಣದ ಬಟ್ಟೆ ಚೂರು ಹಚ್ಚಿ, ಕೈಯಲ್ಲೇ ಹೊಲಿದದ್ದು. ಎತ್ತಿದರೆ ಒಂದು ಮಗುವಿನ ತೂಕ.

"ಅತ್ತೆ, ಇಲ್ಲಿ ಹೀಟರ್ ಇದೆ. ಇದನ್ನ ಯಾಕೆ ಹೊತ್ಕೊಂಡು ಬಂದ್ರಿ?"

"ಹೀಟರ್ ಹೊತಗೊಂಡು ಮಲಗಾಕ ಬರ್ತೈತೇನು?" ಎಂದರು.

ಮೊದಲ ದಿನ ಮಧ್ಯಾಹ್ನ ಹನ್ನೆರಡಕ್ಕೆ ಊರಿನ ಫೈರ್ ಸ್ಟೇಷನ್ನಿನ ಸೈರನ್ ಕೂಗಿತು. ದಿನಾ ಕೂಗುತ್ತದೆ, ಊಟದ ಹೊತ್ತಾಯಿತೆಂದು. ಶೆಡ್ಡಿದ್ದ ಕಾಲದಲ್ಲಿ ಶೆಡ್ಡಿನದೇ ಕೂಗು ಇತ್ತಂತೆ. ಶೆಡ್ಡು ಹೋದರೂ ಅಭ್ಯಾಸ ಬಿಡಲಾಗದೆ ಊರವರು ಅದನ್ನು ಫೈರ್ ಸ್ಟೇಷನ್ನಿಗೆ ವಹಿಸಿದ್ದರು. ಅದನ್ನು ಕೇಳಿದ್ದೇ ಅತ್ತೆ ಲಟ್ಟಣಿಗೆ ಕೈಯಲ್ಲೇ ಹಿಡಿದು ಓಡಿಬಂದರು. "ಸುಮಾ! ಇಲ್ಲೂ ಭೋಂಗಾ ಆಕ್ಕೈತಿ!" ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಭೋಂಗಾ ಕೇಳಿಯೇ ಒಲೆ ಹಚ್ಚಿ, ಅದು ಕೇಳಿಯೇ ತಾಟು ಹಾಕಿದ ಹೆಂಗಸು. ಅವತ್ತಿನಿಂದ ಆ ಊರು ಅವರಿಗೆ ಅರ್ಧ ತಮ್ಮದೇ ಆಗಿಬಿಟ್ಟಿತು.

ಚಳಿಗಾಲವೆಲ್ಲ ಅವರು ಕಿಟಕಿ ಬಿಡಲಿಲ್ಲ. ಗಾಡಿ ಬಂದರೆ ಕೈಯಲ್ಲಿನ ಕೆಲಸ ಬಿಟ್ಟು ನಿಲ್ಲುತ್ತಿದ್ದರು, ಕೊನೆಯ ಡಬ್ಬಿ ದಾಟುವವರೆಗೆ. ಮಾವ ಯಾವಾಗಲೂ ಇರುತ್ತಿದ್ದುದು ಕೊನೆಯ ಡಬ್ಬಿಯಲ್ಲಿ ತಾನೇ! ಇಲ್ಲಿನ ಗಾಡಿಗಳ ಕೊನೆಯಲ್ಲಿ ಗಾರ್ಡೂ ಇಲ್ಲ, ಗಾರ್ಡಿನ ಡಬ್ಬಿಯೂ ಇಲ್ಲ. ಮಿಣಿಮಿಣಿ ಎನ್ನುವ ಒಂದು ಕೆಂಪು ದೀಪ. ಅದನ್ನು ನೋಡಿ ಅವರಿಗೆ ನಿಜವಾಗಿ ಸಂಕಟವಾಯಿತು. "ಗಾರ್ಡ ಇಲ್ಲದ ಗಾಡಿ ಏನ ಗಾಡಿ? ಹಿಂದ ಡಬ್ಬಿ ಬರಾಕತ್ತಾವೋ ಇಲ್ಲೋ ನೋಡಾವ್ರು ಯಾರು?" ಆದರೂ ದೀಪಕ್ಕೇ ಕೈ ಬೀಸುತ್ತಿದ್ದರು. ಇನ್ನೊಂದನ್ನೂ ಅವರು ಗಮನಿಸಿದ್ದರು. "ಗೇಟ್ ಬಿದ್ದಾಗೆಲ್ಲ ಕಾರಿನ್ಯಾಗ ಕುಂತ ಮಂದಿ ನಮ್ಮ ಮನೀ ಕಡೇನ ನೋಡ್ತಾರಲ್ಲ, ಯಾಕ?" ಎಂದರು ಒಮ್ಮೆ. ಇಂಡಿಯದವರನ್ನು ನೋಡಿರಲಿಕ್ಕಿಲ್ಲ ಎಂದೆ ನಾನು.

ಫೆಬ್ರವರಿ ಮುಗಿಯಿತು. ಕ್ಲಿನಿಕ್ಕಿನ ಕುರ್ಚಿಗಳು ಖಾಲಿಯೇ. ನಾನು ಮಧ್ಯಾಹ್ನಗಳಲ್ಲಿ ಬೇರೆ ಊರುಗಳಿಗೆ ಅರ್ಜಿ ಹಾಕುತ್ತ ಕೂರುತ್ತಿದ್ದೆ. ಎಲ್ಲೂ ಜಾಗವಿರಲಿಲ್ಲ. ಸೊಸೆಯ ಮುಖ ನೋಡಿ ಅತ್ತೆ ರೊಟ್ಟಿಗೆ ಇನ್ನಷ್ಟು ಬೆಣ್ಣೆ ಹಾಕುತ್ತಿದ್ದರು.

ಮಾರ್ಚಿನಲ್ಲಿ ಒಂದು ದಿನ ಅಪರೂಪಕ್ಕೆ ಬಿಸಿಲು ಬಿತ್ತು. ಬೆಳಿಗ್ಗೆ ನಾನು ಹೊರಡುವಾಗ ಅತ್ತೆ, "ಇವತ್ತ ಕೌದಿ ಬಿಸಲಿಗೆ ಹಾಕ್ತೀನಿ," ಎಂದರು. ಹಾಕಿ ಎಂದೆ. ಅಷ್ಟೇ ಆಗಿದ್ದು ಮಾತು.

ಹನ್ನೊಂದು ಗಂಟೆಯ ಸುಮಾರಿಗೆ ಹಳಿಯ ಕಡೆಯಿಂದ ಕರ್ರೆಂದು ಒಂದು ಸದ್ದು ಬಂತು. ಗಾಡಿ ಹೋಗುವ ಸದ್ದಲ್ಲ, ಇಡೀ ಗಾಡಿ ಕಚ್ಚಿಕೊಂಡು ನಿಲ್ಲುವ ಸದ್ದು. ಕ್ಲಿನಿಕ್ಕಿನ ಕಿಟಕಿಗಳು ನಡುಗಿದವು. ಮಾರ್ಲೀನ್ ಎದ್ದು ನಿಂತಳು. ರೈಲಿನವರ ಮನೆಯಲ್ಲಿ ಬೆಳೆದವಳ ಮುಖವೇ ಬಿಳಿಚಿತು. "ಹೀಗೆ ಸುಮ್ಮಸುಮ್ಮನೆ ನಿಲ್ಲಿಸುವುದಿಲ್ಲ," ಎಂದಳು. "ಹಳಿ ಮೇಲೆ ಯಾರೋ..."

ಮನೆಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಕೋಟು ಕೂಡ ಹಾಕಿಕೊಳ್ಳದೆ ಗೇಟಿನ ಕಡೆ ಓಡಿದೆ. ಎದುರಿಗೆ ಕಲ್ಲಿದ್ದಲು ತುಂಬಿದ ಗೂಡ್ಸು, ಈ ಕಡೆ ನೋಡಿದರೂ ಗಾಡಿ, ಆ ಕಡೆ ನೋಡಿದರೂ ಗಾಡಿ. ಅದರಾಚೆ ನಮ್ಮ ಮನೆ. ಕೂಗಿದರೆ ಕೇಳುವಷ್ಟು ಹತ್ತಿರ, ಹೋಗಲು ದಾರಿಯಿಲ್ಲ. "ಅತ್ತೇ!" ಎಂದು ಕೂಗಿದೆ. ಯಾವ ದೇವರಿಗೆ ಏನೇನು ಹರಕೆ ಹೊತ್ತೆನೋ ನೆನಪಿಲ್ಲ. ಸೂಟ್‌ಕೇಸು ನೋಡಿ ಸಿಡುಕಿದ್ದು, ಬಂದದ್ದಕ್ಕೆ ಖುಷಿಪಡದೇ ಇದ್ದದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಹಿಂದೆಯೇ ಓಡಿಬಂದ ಮಾರ್ಲೀನ್ ನನ್ನ ಹೆಗಲಿಗೆ ತನ್ನ ಕೋಟು ಹೊದಿಸಿ ಪಕ್ಕದಲ್ಲಿ ನಿಂತಳು. ಎಷ್ಟು ಹೊತ್ತು ನಿಂತೆವೋ.

ಕಡೆಗೆ ಒಂದು ಎಳೆತ ಬಂತು, ಡಬ್ಬಿಯಿಂದ ಡಬ್ಬಿಗೆ ಸದ್ದು ಹಾಯ್ದು ಗಾಡಿ ಮೆಲ್ಲಗೆ ಚಲಿಸಿತು. ಡಬ್ಬಿ ಡಬ್ಬಿಯ ನಡುವಿನ ಸಂದಿಯಲ್ಲಿ ಆಚೆ ದಡ ಚೂರು ಚೂರೇ ಕಂಡಿತು. ಮೊದಲು ನಮ್ಮ ಜಗಲಿ. ಇನ್ನೊಂದು ಸಂದಿ: ಜಗಲಿಯ ಮೇಲೆ ಬೆಂಚು! ಮತ್ತೊಂದು ಸಂದಿ: ಬೆಂಚಿನ ತುಂಬ ಜನ. ಯಾರದೋ ಕೈಯಲ್ಲಿ ನಮ್ಮ ಸ್ಟೀಲ್ ಲೋಟ. ಪೊಲೀಸಿನವನ ಟೋಪಿ. ಆಮೇಲೆ, ಮಗನ ಹಳೆಯ ಜಾಕೀಟು ತೊಟ್ಟು, ತಲೆಗೆ ಸ್ಕಾರ್ಫು ಬಿಗಿದು, ಕೈಯಲ್ಲಿ ತಟ್ಟೆ ಹಿಡಿದು ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದ ನಮ್ಮತ್ತೆ. ನಾನು ನಗುತ್ತಲೂ ಇದ್ದೆ, ಅಳುತ್ತಲೂ ಇದ್ದೆ. ಮಾರ್ಲೀನ್ ಬೆಂಚನ್ನೇ ನೋಡುತ್ತಿದ್ದಳು.

ಆದದ್ದಿಷ್ಟು. ಕೌದಿ ಹರವಲು ಜಾಗ ಹುಡುಕುತ್ತ ಅತ್ತೆ ಗ್ಯಾರೇಜಿಗೆ ಹೋಗಿದ್ದಾರೆ. ಅಲ್ಲಿ ಬೆಂಚು ಕಂಡಿದೆ. ರೈಲ್ವೆ ಬೆಂಚನ್ನು ಗುರುತಿಸಲು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ವಾಲ್ಟರನನ್ನು ಕೈಬೀಸಿ ಕರೆದು, ಇಬ್ಬರೂ ಸೇರಿ ಅದನ್ನು ಜಗಲಿಗೆ ತಂದಿದ್ದಾರೆ. ಹರವುವ ಮೊದಲು ಧೂಳು ಹೋಗಲೆಂದು ಅತ್ತೆ ಬೇಲಿಯ ಹತ್ತಿರ ನಿಂತು, ಎರಡೂ ಕೈಯಿಂದ, ಮೈಯಲ್ಲಿದ್ದ ಶಕ್ತಿಯೆಲ್ಲ ಹಾಕಿ ಕೌದಿ ಕೊಡವಿದ್ದಾರೆ. ಅದೇ ಹೊತ್ತಿಗೆ ಗಾಡಿ ಬಂದಿದೆ.

"ಹಳಿಯ ಹತ್ತಿರ ನಿಂತು ಯಾರೇ ಏನನ್ನೇ ಜೋರಾಗಿ ಬೀಸಿದರೂ ನಿಲ್ಲಿಸು ಅಂತಲೇ ಅರ್ಥ ಡಾಕ್," ಎಂದ ವಾಲ್ಟರ್, ಲೋಟ ಬಾಯಿಂದ ತೆಗೆಯದೆ. "ಅದು ನಮ್ಮ ರೂಲು. ಅದರ ಮೇಲೆ ಇದು." ಕೌದಿಯ ನಡುವಿನ ಒಂದು ದೊಡ್ಡ ಕೆಂಪು ಚೌಕವನ್ನು ಬೆರಳಿಟ್ಟು ತೋರಿಸಿದ.

ಮಾವ ರಿಟೈರಾದ ದಿನ ಮನೆಗೆ ತಂದಿದ್ದ, ಸವೆದ ಬಾವುಟಗಳ ಬಟ್ಟೆ ಅದು. ಕೆಂಪು ಒಂದು, ಪಕ್ಕದಲ್ಲೇ ಹಸಿರು ಒಂದು.

"ಅತ್ತೆ, ಗಾರ್ಡ್ ಹೆಂಡ್ತಿಯಾಗಿ ನಿಮಗೆ ಗೊತ್ತಾಗ್ಲಿಲ್ವಾ?"

"ನಾ ಏನ್ ಮಾಡಿನವಾ? ಕೌದಿ ಝಾಡಿಸಿದೆ. ಹೊತಗೊಳ್ಳೂ ಅರಬಿ, ಅದರಾಗ ಕೆಂಪ ಐತಿ, ಹಸರ ಐತಿ ಅಂತ ಯಾರು ನೆನಪ ಇಟಗೊಂತಾರ?" ಎಂದರು. ಅಳುಕು ಎಂಬುದು ಇರಲೇ ಇಲ್ಲ. "ಗಾಡಿಯಿಂದ ಒಂದು ಹುಡುಗ ನಡಕೋತ ಬಂತು, ಪಾಪ, ಥಂಡ್ಯಾಗ ಮೂಗು ಕೆಂಪ ಆಗಿತ್ತು. ಚಾ ಕೊಟ್ಟೆ. ಅಷ್ಟರಾಗ ಕಾರಿನ ಮಂದಿ ಒಬ್ಬೊಬ್ಬರ ಬಂದು ಬೆಂಚಿನ ಮ್ಯಾಲ ಕುಂತ್ರು. ಕುಂತವರಿಗೆ ಚಾ ಕೊಡದ ಇರಾಕ ಆಕ್ಕೈತೇನು? ಗಿರ್ಮಿಟ್ಟೂ ಮಾಡಿದೆ. ಖಾರ ಅಂದ್ರು, ತಿಂದ್ರು."

ಊರಿನ ಪೊಲೀಸಿನವನ ಮೀಸೆಗೆ ಮಂಡಕ್ಕಿಯ ಚೂರು ಅಂಟಿತ್ತು. "ಬೇಕೆಂದೇ ನಿಲ್ಲಿಸಿದ್ದೇ?" ಎಂದು ಗಂಭೀರವಾಗಿ ಕೇಳಿದ. ಅಲ್ಲ, ಧೂಳು ಕೊಡವಿದ್ದು ಎಂದೆ. ಅವನು ಕೌದಿಯ ಅಂಚನ್ನು ತಿರುಗಿಸಿ ಹೊಲಿಗೆ ನೋಡಿದ. "ನಮ್ಮಜ್ಜಿಯೂ ಹೊಲಿಯುತ್ತಿದ್ದಳು. ಇಷ್ಟು ಸಣ್ಣ ಹೊಲಿಗೆ ಹಾಕುತ್ತಿರಲಿಲ್ಲ," ಎಂದ. ಮುಂದೆ ಹಿತ್ತಲಲ್ಲಿ ಕೊಡವಲು ಹೇಳಿ ಎಂದಷ್ಟೇ ಹೇಳಿ ಜೀಪು ಹತ್ತಿದ.

ಎಲ್ಲರೂ ಹೋದ ಮೇಲೆ ನಾನು ಕುಸಿದು ಕೂತೆ. ಮುಗಿಯಿತು ಕತೆ. ಇಷ್ಟು ದಿನ ಬಾರದಿದ್ದ ಊರು, ಇನ್ನು ರೈಲು ನಿಲ್ಲಿಸಿ ಊರು ಕಟ್ಟಿಹಾಕಿದವರ ಹತ್ತಿರ ಬರುತ್ತದೆಯೇ!

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆಯುವಾಗ ವಾಲ್ಟರ್ ಮೆಟ್ಟಿಲ ಮೇಲೆ ನಿಂತಿದ್ದ. "ಮಂಡಿ," ಎಂದ. ಅವನ ಹಿಂದೆ ಒಬ್ಬಾಕೆ, ತರಕಾರಿ ಚೀಲದವಳು. ಅವಳ ಹಿಂದೆ ಆ ಇಬ್ಬರು ದಡೂತಿಗಳು. ನಾನು ಬಾಯಿಬಿಟ್ಟುಕೊಂಡು ಮಾರ್ಲೀನಳ ಮುಖ ನೋಡಿದೆ.

"ಬೆಂಚು ಹೊರಗೆ ಬಂತಲ್ಲ," ಎಂದಳು ಅವಳು.

ಆಗ ಹೇಳಿದಳು, ಮೊದಲೇ ಹೇಳಬಹುದಾಗಿದ್ದ ಕತೆಯನ್ನು. ಆ ಬೆಂಚು ಕೆಡವಿದ ಸ್ಟೇಷನ್ನಿನದು. ನಮ್ಮ ಮನೆ ಗೇಟ್ ಕಾಯುತ್ತಿದ್ದವನ ಮನೆ. ಅವನ ಹೆಂಡತಿ ಡೋರಥಿ, ಸ್ಟೇಷನ್ ಬಿದ್ದ ದಿನ ಆ ಬೆಂಚನ್ನು ಹೊರಿಸಿಕೊಂಡು ಬಂದು ಜಗಲಿಯಲ್ಲಿಟ್ಟಳು. ಗಾಡಿ ಅಡ್ಡ ನಿಂತಾಗ ಯಾರು ಬೇಕಾದರೂ ಬಂದು ಕೂರಬಹುದು. ಕೇಳಬೇಕಿಲ್ಲ, ಬಾಗಿಲು ಬಡಿಯಬೇಕಿಲ್ಲ. ಒಲೆಯ ಮೇಲೆ ಕಾಫಿ ಇರುತ್ತಿತ್ತು. ಆ ಬೆಂಚಿನ ಮೇಲೆ ಮದುವೆಗಳು ಕುದುರಿವೆ, ಹೊಲಗಳ ಜಗಳ ತೀರಿದೆ. ಮಕ್ಕಳಿಲ್ಲದ ಡೋರಥಿ ಸಾಯುವಾಗ ಮನೆಯನ್ನು ಊರಿಗೆ ಕೊಟ್ಟು, ಇದು ಡಾಕ್ಟರ ಮನೆಯಾಗಲಿ ಎಂದಳಂತೆ. ಕ್ಲಿನಿಕ್ಕಿಗೆ ಬರಲು ಹೆದರುವವರು ಬೆಂಚಿಗಾದರೂ ಬರುತ್ತಾರೆ ಎಂದು ಅವಳ ಲೆಕ್ಕ.

"ನೀವು ಬಂದಿರಿ, ಬೆಂಚನ್ನು ಒಳಗಿಟ್ಟಿರಿ," ಎಂದಳು ಮಾರ್ಲೀನ್. "ನಿಮಗೆ ನಾವು ಬೇಡವೇನೋ ಅಂದುಕೊಂಡೆವು."

"ಅಮ್ಮಾ ತಾಯೀ, ಒಂದು ಮಾತು ಹೇಳಬಾರದಿತ್ತೇ? ಆರು ತಿಂಗಳು!"

"ನೀವು ಕೇಳಲಿಲ್ಲವಲ್ಲ," ಎಂದಳು. "ಒಬ್ಬರ ಮನೆಯ ಜಗಲಿ ಹೇಗಿರಬೇಕೆಂದು ಹೇಳುವುದಕ್ಕೆ ನಾವ್ಯಾರು?"

ಅವಳನ್ನು ಬೈಯಬೇಕೋ ತಬ್ಬಬೇಕೋ ತಿಳಿಯಲಿಲ್ಲ. ಮೈಸೂರಾಗಿದ್ದರೆ ಬೆಂಚು ತೆಗೆದ ಸಂಜೆಯೇ ನಾಲ್ಕು ಜನ ಬಂದು ಜಗಳವಾಡಿ, ಕಾಫಿ ಕುಡಿದು, ಬೆಂಚನ್ನು ವಾಪಸು ಇಡಿಸಿ ಹೋಗಿರುತ್ತಿದ್ದರು.

ಅದಾದ ಮೇಲೆ ಜಗಲಿ ಖಾಲಿ ಇದ್ದದ್ದು ಕಡಿಮೆ. ಚರ್ಚಿನ ನೆಲಮಾಳಿಗೆಯಲ್ಲಿ ಕೂತು ಕ್ವಿಲ್ಟ್ ಹೊಲಿಯುವ ಹೆಂಗಸರ ಗುಂಪೊಂದಿತ್ತು. ಅವರೆಲ್ಲ ಕೌದಿ ನೋಡಲು ಬಂದರು. ಅತ್ತೆ ಕನ್ನಡದಲ್ಲಿ ಹೇಳಿದರು, ಅವರು ಇಂಗ್ಲಿಷಿನಲ್ಲಿ ಕೇಳಿದರು, ಸೂಜಿ ಎರಡೂ ಕಡೆಯವರಿಗೆ ಅರ್ಥವಾಯಿತು. ವಾಲ್ಟರಿಗೂ ಅತ್ತೆಗೂ ಬೇರೆ ಭಾಷೆಯೇ ಬೇಕಿರಲಿಲ್ಲ. ಸಿಗ್ನಲ್, ಬ್ರೇಕು, ಗೂಡ್ಸು, ಲೇಟು, ಇಷ್ಟೇ ಪದಗಳಲ್ಲಿ ಇಬ್ಬರೂ ಇಡೀ ಮಧ್ಯಾಹ್ನ ಕಳೆಯುತ್ತಿದ್ದರು. ಗಾರ್ಡಿಲ್ಲದ ಗಾಡಿಯ ವಿಷಯದಲ್ಲಿ ಅವನೂ ಅತ್ತೆಯಷ್ಟೇ ಸಿಟ್ಟಾಗಿದ್ದ. ಬೆಂಚಿನ ಮೇಲೆ ಚಹಾ ಕುಡಿಯುತ್ತ ಜನ, "ಡಾಕ್, ಹೇಗೂ ಕೂತಿದ್ದೇನೆ, ಈ ಭುಜ ಸ್ವಲ್ಪ..." ಎಂದು ಶುರು ಮಾಡುತ್ತಿದ್ದರು. ನಾಳೆ ಕ್ಲಿನಿಕ್ಕಿಗೆ ಬನ್ನಿ ಎಂದರೆ ಬರುತ್ತಿದ್ದರು.

ಏಪ್ರಿಲಿನಲ್ಲಿ ನಗರದ ಆಸ್ಪತ್ರೆಯಿಂದ ಒಬ್ಬ ಸೂಟುಧಾರಿ ಬರುವುದಿತ್ತು, ಕ್ಲಿನಿಕ್ಕನ್ನು ಇಡಬೇಕೋ ಮುಚ್ಚಬೇಕೋ ನೋಡಲು. ನಾನು ಯಾರಿಗೂ ಹೇಳಿರಲಿಲ್ಲ. ಮಾರ್ಲೀನ್ ಎಷ್ಟು ಜನಕ್ಕೆ ಹೇಳಿದ್ದಳೋ! ಬೆಳಿಗ್ಗೆ ನೋಡಿದರೆ ಒಳಗೆ ಕೂರಲು ಕುರ್ಚಿಯಿಲ್ಲ, ಜನ ಬೀದಿಯಲ್ಲಿ ನಿಂತಿದ್ದಾರೆ. ಅರ್ಧ ಜನಕ್ಕೆ ಕಾಯಿಲೆ ಇತ್ತು. ಉಳಿದರ್ಧ ಜನ ಬಂದ ಕಾರಣವನ್ನು ಅಲ್ಲೇ ನಿಂತು ಯೋಚಿಸುತ್ತಿದ್ದರು. ಪೊಲೀಸಿನವನು ನಾಲಿಗೆ ಚಾಚಿ, "ಇದು ಸರಿಯಿದೆಯೇ ನೋಡಿ," ಎಂದ. ವಾಲ್ಟರ್ ಮೂರು ಸಲ ಬಂದು ಬಿ.ಪಿ. ನೋಡಿಸಿಕೊಂಡ, ಮೂರನೆಯ ಸಲ ಟೋಪಿ ಬದಲಾಯಿಸಿದ್ದ. ಸೂಟಿನವನು ಸಂಜೆಯವರೆಗೆ ಮೂಲೆಯಲ್ಲಿ ನಿಂತೇ ಇದ್ದ, ಪಾಪ. ಹೋಗುವಾಗ, "ಇನ್ನೊಂದಿಷ್ಟು ಕುರ್ಚಿ ಕಳಿಸುತ್ತೇವೆ," ಎಂದ.

ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಈ ಸಲವೂ ಅತ್ತುಬಿಟ್ಟದ್ದೇ. ನಮ್ಮತ್ತೆ ಮನೆಯಲ್ಲಿ ಹೋಳಿಗೆ ಮಾಡುತ್ತಿದ್ದರು, ಮಾರ್ಲೀನಳ ಮಾತು ಕೇಳಿ, ಊರಿಗೆ ಹಂಚಲು.

ಮೂರು ವರ್ಷ ಮುಗಿಸಿ ಹೊರಡುವ ದಿನ ಅತ್ತೆ ಸೂಟ್‌ಕೇಸಿನಿಂದ ಕೌದಿಯನ್ನು ತಾವೇ ಹೊರಗೆ ತೆಗೆದರು. ಮಡಿಸಿ ಬೆಂಚಿನ ಮೇಲಿಟ್ಟರು. ಮಾವನ ಬಾವುಟ ಇರುವ ಕೌದಿ ಅತ್ತೆ, ಯೋಚನೆ ಮಾಡಿ ಎಂದೆ. "ಮಾಡೀನಿ," ಎಂದರು. "ಅಲ್ಲಿ ಪಕ್ಯಾನ ಮನ್ಯಾಗ ಪೆಟ್ಟಿಗ್ಯಾಗ ಇರ್ತೈತಿ. ಇಲ್ಲೆ ಗಾಡಿ ಅದಾವು. ಕಾಯೋ ಮಂದಿಗೆ ಥಂಡಿ ಆಕ್ಕೈತಿ." ವಾಲ್ಟರ್ ಕೈ ಮುಗಿಯಲು ಕಲಿತಿದ್ದ. ಮುಗಿದ.

ಕಳೆದ ಅಕ್ಟೋಬರಿನಲ್ಲಿ ಒಮಾಹಾದಲ್ಲಿ ಒಂದು ಕಾನ್ಫರೆನ್ಸು. ಬಾಡಿಗೆ ಕಾರು ಹಿಡಿದು ಆ ಊರಿಗೆ ಹೋದೆ. ಊರು ಇನ್ನಷ್ಟು ಚಿಕ್ಕದಾದಂತೆ ಕಂಡಿತು. ಶಾಲೆಯನ್ನು ಪಕ್ಕದೂರಿನದರ ಜೊತೆ ಸೇರಿಸಿದ್ದರು. ಗೇಟಿನ ಹತ್ತಿರ ಬರುವಷ್ಟರಲ್ಲಿ ಗೂಡ್ಸು ಅಡ್ಡ ನಿಂತಿತು. ಕಾರಿನಿಂದ ಇಳಿದು ಪಕ್ಕದಲ್ಲೇ ಇದ್ದ ಆ ಮನೆಯ ಕಡೆ ನೋಡುತ್ತ ನಿಂತೆ. ಒಳ್ಳೆಯ ಚಳಿ.

ಬಾಗಿಲು ತೆರೆಯಿತು. ನೀಲಿ ಆಸ್ಪತ್ರೆ ಬಟ್ಟೆಯಲ್ಲಿದ್ದ, ಘಾನಾ ದೇಶದವಳೆಂದು ಆಮೇಲೆ ತಿಳಿದ, ಎಳೆಯ ಹುಡುಗಿಯೊಬ್ಬಳು ಹೊರಬಂದಳು. ನಾನು ಇದ್ದ ಹಾಗೇ, ಈಗಿನ ಡಾಕ್ಟರು. "ಉದ್ದದ ಗಾಡಿ. ಬನ್ನಿ, ಕೂರಿ," ಎಂದು ಜಗಲಿಗೆ ಕರೆದಳು. ಕ್ಲಿನಿಕ್ ಹೇಗಿದೆ ಎಂದೆ. ಉಸಿರಾಡಲು ಪುರುಸೊತ್ತಿಲ್ಲ ಎಂದು ನಕ್ಕಳು. ವಾಲ್ಟರ್ ಎರಡು ಚಳಿಗಾಲದ ಹಿಂದೆ ಹೋದನಂತೆ. ಬೆಂಚಿನ ಒಂದು ತುದಿ ಅವನದೆಂದು ಊರವರು ಇನ್ನೂ ಅಲ್ಲಿ ಕೂರುವುದಿಲ್ಲವಂತೆ.

ಬೆಂಚಿನ ಬೆನ್ನಿಗೆ ಕೌದಿ ಇತ್ತು. ಬಣ್ಣವೆಲ್ಲ ಮಾಸಿತ್ತು. ಹರಿದ ಕಡೆಗಳಲ್ಲಿ ಯಾರು ಯಾರೋ ಬೇರೆ ಬೇರೆ ಬಟ್ಟೆ ಹಚ್ಚಿ, ಬೇರೆ ಬೇರೆ ಕೈಯ ಹೊಲಿಗೆ ಹಾಕಿದ್ದರು. ಕೆಂಪು ಚೌಕ ಹಾಗೇ ಇತ್ತು. ಎತ್ತಿಕೊಂಡೆ. ಅಭ್ಯಾಸ ನೋಡಿ, ಕೈ ತಾನಾಗಿ ಮೇಲೆದ್ದಿತು.

"ಅಯ್ಯೋ, ಕೊಡವಬೇಡಿ!" ಎಂದು ಆ ಹುಡುಗಿ ಓಡಿಬಂದು ನನ್ನ ಕೈ ಹಿಡಿದಳು. "ಹೊದ್ದುಕೊಳ್ಳಿ, ಆದರೆ ಇಲ್ಲಿ ಕೊಡವುವ ಹಾಗಿಲ್ಲ. ಟ್ರೈನು ನಿಂತುಬಿಡುತ್ತದಂತೆ. ಈ ಮನೆಗೆ ಬಂದ ದಿನ ಊರವರು ನನಗೆ ಹೇಳಿಕೊಟ್ಟದ್ದು ಎರಡೇ. ಬೆಂಚನ್ನು ಒಳಗಿಡಬೇಡ, ಕೌದಿಯನ್ನು ಹಿತ್ತಲಲ್ಲಿ ಕೊಡವು."

ಅಂತೂ ಹೇಳಲು ಕಲಿತಿದ್ದರು! ಕೌದಿ ಹೊದ್ದು ಕೂತೆ. ನಾನು ಯಾರೆಂದು ಅವಳಿಗೆ ಹೇಳುವ ಮೊದಲೇ ಫೋನು ತೆಗೆದು ಯೂನಿಯನ್ ಸಿಟಿಗೆ ಮಾಡಿದೆ. ಅಷ್ಟರಲ್ಲಿ ಗಾಡಿ ಹೊರಟಿತ್ತು. ಅತ್ತೆ ಎತ್ತಿದರು. ನಾನು ಏನೂ ಹೇಳದೆ ಫೋನನ್ನು ಹಳಿಯ ಕಡೆ ಹಿಡಿದೆ.

ಆ ಕಡೆ ಅತ್ತೆ ಗಾಡಿಯ ಸದ್ದು ಕೇಳಿಸಿಕೊಂಡರು. ಆಮೇಲೆ, "ಬೆಂಚಿನ ಮ್ಯಾಲ ಕುಂತೀಯೇನು?" ಎಂದರು.

"ಹೂಂ ಅತ್ತೆ. ಕೌದೀನೂ ಇದೆ. ಕ್ಲಿನಿಕ್ಕೂ ಇದೆ."

"ಕೊನೀ ಡಬ್ಬಿ ದಾಟಿತೇನು?"

"ಇನ್ನೂ ಇಲ್ಲ."

"ಹಂಗಾರ ಕೂಡು," ಎಂದರು ನಮ್ಮತ್ತೆ. "ಏಳಬ್ಯಾಡ. ದಾಟಿದ ಮ್ಯಾಲ ನನ್ನ ಹೆಸರಲೆ ಒಂದ್ಸಲ ಕೈ ಬೀಸು."